ಅಂಗಿಯ ಕೆಳಗೆ ಹಿಡಿಸುವ ಸೈಜು: ಕೈಬಂದೂಕು ಆರಿಸಿದ ನನ್ನ ಅನುಭವ

ಪರವಾನಗಿ ಕೈಗೆ ಬಂದವರು ಮೊದಲು ಕೇಳುವುದು ಯಾವ ಕಂಪನಿಯದು ತಗೊಳ್ಳಲಿ ಅಂತ. ನಾನು ತಿರುಗಿ ಕೇಳುವುದು ಬೇರೆ: ದಿನಕ್ಕೆ ಎಷ್ಟು ತಾಸು ಕೂರುತ್ತೀರಿ, ಯಾವುದರ ಮೇಲೆ ಕೂರುತ್ತೀರಿ, ಅಂಗಿ ಒಳಗೆ ಹಾಕುತ್ತೀರೋ ಹೊರಗೆ ಬಿಡುತ್ತೀರೋ? ಮುಂಬಯಿಯ ಮಾಟುಂಗಾದಲ್ಲಿ ಹತ್ತು ತಾಸು ಗಲ್ಲಾದ ಮೇಲೆ ಕೂತು ರಾತ್ರಿ ಕಲೆಕ್ಷನ್ ಹಿಡಿದು ಹೊರಡುವ ನಮ್ಮಂಥ ಹೋಟೆಲಿನವರಿಗೆ ಒಗ್ಗುವ ಸೈಜು ಪುಣೆಯಲ್ಲಿ ದಿನವಿಡೀ ಸ್ಕೂಟರಿನಲ್ಲಿ ಸುತ್ತುವವರಿಗೆ ಒಗ್ಗುವುದಿಲ್ಲ. ಗನ್ ಒಂದೇ ಇರಬಹುದು, ಸೊಂಟ ಬೇರೆ.

ನಮ್ಮ ದೇಶದಲ್ಲಿ ಇದನ್ನು ಮುಚ್ಚಿಟ್ಟುಕೊಳ್ಳುವುದು ಷೋಕಿಯಲ್ಲ, ನಿಯಮ. 2016ರ ಆಯುಧ ನಿಯಮಗಳ 32ನೇ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ತೋರಿಸಿಕೊಂಡು ಓಡಾಡಿದರೆ ಪರವಾನಗಿಗೇ ಕುತ್ತು. ಆದ್ದರಿಂದ ಸೈಜು ಆರಿಸುವಾಗ 'ಸ್ವಲ್ಪ ಕಂಡರೇನು' ಅನ್ನುವ ಮಾತೇ ಇಲ್ಲ.

ಆಯ್ಕೆಯೂ ನಮ್ಮಲ್ಲಿ ದೊಡ್ಡದಲ್ಲ. 9 ಎಂಎಂ ನಿಷಿದ್ಧ ಬೋರು (ಬೋರು ಅಂದರೆ ನಳಿಗೆಯ ತೂತಿನ ಅಳತೆ), ಸಾಮಾನ್ಯರ ಪರವಾನಗಿಗೆ ಅದು ಸಿಗುವುದಿಲ್ಲ. 1980ರ ದಶಕದ ನಡುವಿನಿಂದ ವಿದೇಶಿ ಗನ್‌ಗಳ ಆಮದು ಸಾಮಾನ್ಯರಿಗೆ ನಿಂತುಹೋಗಿದ್ದರಿಂದ ಹಳೆಯ ವಾಲ್ಥರ್, ಬ್ರೌನಿಂಗ್‌ಗಳು ಕೈಯಿಂದ ಕೈಗೆ ದಾಟುತ್ತ ಬೆಲೆ ಆಕಾಶಕ್ಕೇರಿದೆ. ಬಹುಪಾಲು ಉಳಿದದ್ದು .32 ಇಂಚಿನ ಬೋರು. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹಳೆಯ .32 ರಿವಾಲ್ವರ್: ಸುಮಾರು 700 ಗ್ರಾಂ ತೂಕ, 76 ಮಿ.ಮೀ. ನಳಿಗೆ, ಒಟ್ಟು ಉದ್ದ 178 ಮಿ.ಮೀ., ಆರು ಗುಂಡು. 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್ ಟೈಟಾನಿಯಂ ಮಿಶ್ರಲೋಹದ್ದು, ತೂಕ 500 ಗ್ರಾಂ ಆಸುಪಾಸು, ಬಂದಾಗಲೇ ಲಕ್ಷ ದಾಟಿದ ಬೆಲೆ. 2023ರ ಪ್ರಬಲ್ ರಿವಾಲ್ವರ್ 675 ಗ್ರಾಂ, ಅದರ ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಉರುಳೆ, ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಇವುಗಳ ಜೊತೆಗೆ .32 ಪಿಸ್ತೂಲು. ಇಲ್ಲಿ ಒಂದು ಎಚ್ಚರಿಕೆ: ರಿವಾಲ್ವರಿನ .32 ತೋಟೆ ಬೇರೆ, ಪಿಸ್ತೂಲಿನ .32 ತೋಟೆ ಬೇರೆ. ಮೊದಲನೆಯದು ಉದ್ದ, ತಳದಲ್ಲಿ ಪೂರ್ತಿ ಅಂಚು ಇರುತ್ತದೆ. ಎರಡನೆಯದು ಗಿಡ್ಡ, ಅಂಚು ಅರೆಬರೆ. ಅಂಗಡಿಯಲ್ಲಿ ಬರೀ '.32 ಕೊಡಿ' ಅಂದರೆ ಸಾಲದು.

ಈ ಅಂಕಿಗಳನ್ನು ನೋಡಿ ಜನ ಎಡವುವುದು ನಳಿಗೆಯ ವಿಷಯದಲ್ಲಿ. ನಳಿಗೆ ಗಿಡ್ಡವಾದಷ್ಟೂ ಅಡಗಿಸುವುದು ಸುಲಭ ಅಂತ ಎಲ್ಲರ ಲೆಕ್ಕ. ಕನ್ನಡಿಗೆ ಪಕ್ಕ ಕೊಟ್ಟು ನಿಂತು ನೋಡಿ. ನಳಿಗೆ ಕಾಲಿನ ಉದ್ದಕ್ಕೆ ಪ್ಯಾಂಟಿನೊಳಗೆ ಇಳಿಯುತ್ತದೆ. ಅದು ಎರಡು ಸೆಂ.ಮೀ. ಹೆಚ್ಚಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಡಿ ಮಾತ್ರ ಸೊಂಟಕ್ಕೆ ಅಡ್ಡವಾಗಿ ಹಿಂದಕ್ಕೆ ಚಾಚಿಕೊಂಡಿರುತ್ತದೆ. ನೀವು ಮುಂದೆ ಬಾಗಿದ ಕೂಡಲೇ ಹಿಡಿಯ ತಳದ ಮೂಲೆ ಅಂಗಿಯನ್ನು ಡೇರೆಯ ಕಂಬದ ಹಾಗೆ ಎತ್ತುತ್ತದೆ. ಗುಟ್ಟು ಬಿಟ್ಟುಕೊಡುವುದು ಆ ಮೂಲೆ. ವಾಲ್ಥರ್ ಪಿಪಿ, ಪಿಪಿಕೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಗೊತ್ತಾಗುತ್ತದೆ. ಪಿಪಿಕೆಯ ನಳಿಗೆ ಗಿಡ್ಡ, ಹಿಡಿಯೂ ಗಿಡ್ಡ, .32ರಲ್ಲಿ ಎಂಟರ ಬದಲು ಏಳು ತೋಟೆ. ಸೊಂಟದಲ್ಲಿ ವ್ಯತ್ಯಾಸ ತೋರುವುದು ಆ ಗಿಡ್ಡ ಹಿಡಿಯಿಂದ. ಹಾಗಂತ ನಳಿಗೆ ಕತ್ತರಿಸುವ ಯೋಚನೆಯನ್ನು ಕನಸಿನಲ್ಲೂ ಮಾಡಬೇಡಿ. ಪರವಾನಗಿಯಿಲ್ಲದೆ ನಳಿಗೆ ಮೊಟಕುಗೊಳಿಸುವುದು 1959ರ ಆಯುಧ ಕಾಯ್ದೆಯ 6ನೇ ಕಲಮಿನಡಿ ಅಪರಾಧ. ಅಪರಾಧ ಮಾಡಿಯೂ ಏನೂ ಅಡಗುವುದಿಲ್ಲ ಅನ್ನುವುದು ಬೇರೆ ಮಾತು.

ಹಿಡಿ ತೀರಾ ಗಿಡ್ಡವಾದರೂ ಕೆಡುಕೇ. ನಡುಬೆರಳು, ಉಂಗುರ ಬೆರಳು, ಕಿರುಬೆರಳು ಮೂರೂ ಹಿಡಿಯ ಮೇಲೆ ಕೂರಬೇಕು. ಕಿರುಬೆರಳು ಗಾಳಿಯಲ್ಲಿ ತೂಗಿದರೆ ಪ್ರತಿ ಹೊಡೆತಕ್ಕೂ ಗನ್ ಕೈಯಲ್ಲಿ ತುಸು ತಿರುಗುತ್ತದೆ, ಎರಡನೆಯ ಗುಂಡು ಎಲ್ಲೋ ಹೋಗುತ್ತದೆ. ನಾನು ಇಟ್ಟುಕೊಂಡ ಅಳತೆ ಇದು: ಕಿರುಬೆರಳು ಕೂತ ಮೇಲೆ ಹಿಡಿ ಅರ್ಧ ಬೆರಳಿನಷ್ಟು ಉಳಿದರೆ ಸರಿ, ಒಂದು ಬೆರಳು ಉಳಿದರೆ ನನ್ನ ಅಂಗಿಗೆ ಅದು ದೊಡ್ಡದು.

ಕೊಳ್ಳುವ ಮುಂಚೆ ಮರದ ಅಚ್ಚು ಮಾಡಿಕೊಳ್ಳಿ. ಅಂಗಡಿಯಲ್ಲಿ ನಾಲ್ಕು ನಿಮಿಷ ಕೈಯಲ್ಲಿ ಹಿಡಿದರೆ ಏನೂ ತಿಳಿಯುವುದಿಲ್ಲ. ನಾನು ಮಾಡಿದ್ದು ಹೀಗೆ. ಅಂಗಡಿಯಲ್ಲಿ ಕಾಗದದ ಮೇಲೆ ಗನ್ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದುಕೊಂಡೆ, ವರ್ನಿಯರ್‌ನಲ್ಲಿ ಮೂರು ಕಡೆ ದಪ್ಪ ಅಳೆದೆ: ನಳಿಗೆ, ಸಿಲಿಂಡರ್, ಹಿಡಿ. ಆಮೇಲೆ 18 ಮಿ.ಮೀ. ಪ್ಲೈವುಡ್ಡಿನಲ್ಲಿ ಆ ಆಕಾರ ಕೊಯ್ಸಿದೆ. ಸಿಲಿಂಡರಿನ ಜಾಗದಲ್ಲಿ ಎರಡೂ ಮಗ್ಗುಲಿಗೆ ತುಂಡು ಅಂಟಿಸಿ ಅಳತೆಯ ದಪ್ಪಕ್ಕೆ ತಂದೆ. ನಡುವೆ ತೂತು ಕೊರೆದು ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಿದೆ. ಅಡುಗೆಮನೆಯ ತಕ್ಕಡಿ 700 ಗ್ರಾಂ ತೋರಿಸಿದ ಮೇಲೆ ಮೇಣದಿಂದ ಮುಚ್ಚಿದೆ. ತುಂಬಿದ ತೋಟೆಗಳ ತೂಕವನ್ನೂ ಸೇರಿಸಿಕೊಳ್ಳಿ. ಬಣ್ಣ ಮಾತ್ರ ಹಚ್ಚಬೇಡಿ, ಹಸಿ ಮರ ಮರವಾಗಿಯೇ ಕಾಣಲಿ. ಅಚ್ಚನ್ನು ಮನೆಯಲ್ಲಿ, ಗಲ್ಲಾದ ಹಿಂದೆ ಮಾತ್ರ ಕಟ್ಟಿಕೊಳ್ಳಿ. ರೈಲ್ವೆ ಸ್ಟೇಷನ್ನಿನಲ್ಲಿ ಪೊಲೀಸರಿಗೆ ಪ್ಲೈವುಡ್ಡಿನ ಕಥೆ ಹೇಳುತ್ತ ನಿಲ್ಲುವುದು ಬೇಡ.

ಏಳು ದಿನ ಕಟ್ಟಿಕೊಂಡರೆ ಸಾಕು. ಗಲ್ಲಾದ ಕೆಳಗಿನ ಡ್ರಾಯರಿಗೆ ಬಗ್ಗಿ ನೋಡಿ, ಚಪ್ಪಲಿ ಹಾಕಿಕೊಳ್ಳಿ, ದೇವರ ಮುಂದೆ ಚಕ್ಕಳಮಕ್ಕಳ ಕೂತು ಏಳಿ, ಅಟ್ಟದ ಮೇಲಿನ ಡಬ್ಬಿ ತೆಗೆಯಿರಿ. ನನ್ನ ಅಚ್ಚು ಮೊದಲ ದಿನವೇ ಕಲಿಸಿದ್ದು ಕೈ ಇರುವ ಕುರ್ಚಿಯ ಪಾಠ. ಕುರ್ಚಿಯ ಕೈ ಹೋಲ್‌ಸ್ಟರಿಗೆ ತಾಗಿ ಟಕ್ ಅನ್ನುತ್ತದೆ, ಪಕ್ಕದವರಿಗೂ ಕೇಳುತ್ತದೆ. ಗಲ್ಲಾಕ್ಕೆ ಕೈಯಿಲ್ಲದ ಸ್ಟೂಲೇ ಸರಿ.

ಕಾರಿನ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಕಾರುಗಳಲ್ಲಿ ಡ್ರೈವರ್ ಬಲಕ್ಕೆ ಕೂರುತ್ತಾನೆ, ಸೀಟ್ ಬೆಲ್ಟು ಬಲಗಡೆಯಿಂದ ಬಂದು ಎಡ ಸೊಂಟದಲ್ಲಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಬಲ ಸೊಂಟದ ಗನ್ನಿನ ಮೇಲೇ ಬೆಲ್ಟು ಹಾಯುತ್ತದೆ. ಇಳಿಯುವಾಗ ಬೆಲ್ಟು ಬಿಚ್ಚಿದರೆ ಅಂಗಿಯ ಅಂಚು ಹಿಡಿಯ ಹಿಂದೆ ಸಿಕ್ಕಿಕೊಂಡೇ ಇರುತ್ತದೆ. ಎದ್ದು ನಿಂತಿರಿ ಅಂದರೆ ಹಿಡಿ ಬಯಲಿಗೆ, ನಿಮಗೆ ಗೊತ್ತೇ ಆಗುವುದಿಲ್ಲ. ಬಾಗಿಲು ತೆಗೆಯುವ ಮೊದಲು ಬಲಗೈಯಿಂದ ಅಂಚನ್ನು ಒಂದು ಸಲ ಕೆಳಗೆ ಸವರಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಹಿಡಿ ಉದ್ದವಾದಷ್ಟೂ ಹೀಗೆ ಸಿಕ್ಕಿಕೊಳ್ಳುವುದು ಹೆಚ್ಚು.

ಲೋಕಲ್ ಟ್ರೈನಿನಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತರೆ ಅಂಗಿ ನಾಲ್ಕು ಬೆರಳು ಮೇಲೇರುತ್ತದೆ, ಅದೂ ಕೈ ಎತ್ತಿದ ಮಗ್ಗುಲಲ್ಲೇ ಹೆಚ್ಚು. ಮನೆಯಲ್ಲೇ ಕೈ ಎತ್ತಿ ಅಳೆದು ನೋಡಿ. ದಾದರಿನ ನೂಕುನುಗ್ಗಲಿನಲ್ಲಿ ಹತ್ತು ಮೈಗಳು ನಿಮ್ಮ ಸೊಂಟಕ್ಕೆ ಒತ್ತುವಾಗ 'ಹತೋಟಿಯಲ್ಲಿರಬೇಕು' ಅನ್ನುವ ನಿಯಮ ಪಾಲಿಸುವುದು ಯಾವ ಸೈಜಿನಲ್ಲೂ ಆಗದ ಮಾತು. ಪೀಕ್ ಹೊತ್ತಿನಲ್ಲಿ, ಗಣಪತಿಯ ಜನಜಂಗುಳಿಯಲ್ಲಿ ನಾನು ಅದನ್ನು ಮನೆಯಲ್ಲೇ ಬಿಡುತ್ತೇನೆ.

ಸೊಂಟದ ಸುತ್ತಳತೆಯನ್ನು ಗಡಿಯಾರ ಅಂದುಕೊಳ್ಳಿ, ಹೊಕ್ಕುಳೇ ಹನ್ನೆರಡು ಗಂಟೆ. ಸ್ಕೂಟರಿನವರು ಆ ಲೆಕ್ಕದಲ್ಲಿ ನಾಲ್ಕು ಗಂಟೆಯ ಜಾಗ ಬಿಟ್ಟು ಮೂರು ಗಂಟೆಗೆ ತರಬೇಕು, ಅಂದರೆ ಪ್ಯಾಂಟಿನ ಹೊಲಿಗೆಯ ನೇರಕ್ಕೆ. ಬೆನ್ನಿನ ನಡುವೆ ಯಾರೂ ಸಿಕ್ಕಿಸಿಕೊಳ್ಳಬಾರದು. ಬಿದ್ದರೆ ಉಕ್ಕಿನ ತುಂಡು ಸೀದಾ ಬೆನ್ನೆಲುಬಿಗೆ ಕೂರುತ್ತದೆ.

ಇನ್ನು ರಿವಾಲ್ವರೋ ಪಿಸ್ತೂಲೋ. ಸೊಂಟದ ಮಟ್ಟಿಗೆ ಪಿಸ್ತೂಲು ಚಪ್ಪಟೆ, ರಿವಾಲ್ವರಿಗೆ ಸಿಲಿಂಡರಿನ ಉಬ್ಬು. ಆದರೆ ಆ ಉಬ್ಬು ಬೆಲ್ಟಿನ ಮಟ್ಟಕ್ಕೆ ಬರುವ ಹಾಗೆ ಹೋಲ್‌ಸ್ಟರ್ ಹೊಲಿಸಿದರೆ ಬೆಲ್ಟೇ ಅದನ್ನು ಒತ್ತಿ ಹಿಡಿಯುತ್ತದೆ. ಉಬ್ಬು ಬೆಲ್ಟಿಗಿಂತ ಮೇಲೆ ನಿಂತರೆ ಇಡೀ ಗನ್ ಹೊರಕ್ಕೆ ವಾಲುತ್ತದೆ. ಪಿಸ್ತೂಲಿನಲ್ಲಿ ಬೇರೆ ತೊಂದರೆ. .32 ಪಿಸ್ತೂಲಿನ ಸ್ಪ್ರಿಂಗು ಬಿಗಿ, ಎಣ್ಣೆ ಕೈಯಲ್ಲಿ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆಯುವುದು ಕಷ್ಟ. ಅದರ ತೋಟೆಗೆ ಅರೆ ಅಂಚು ಇರುವುದರಿಂದ ಮ್ಯಾಗಝೀನ್ (ತೋಟೆಯ ಡಬ್ಬಿ) ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ತೋಟೆ ಮೇಲಕ್ಕೆ ಬರುವುದೇ ಇಲ್ಲ. ನಡುವೆ ಮಡಚಿಕೊಳ್ಳುವ ರಿವಾಲ್ವರಿನಲ್ಲೂ ಒಂದು ಕಾಟ ಇದೆ: ಖಾಲಿ ಚಿಪ್ಪು ಅದನ್ನು ಹೊರದಬ್ಬುವ ನಕ್ಷತ್ರದಂಥ ಎಜೆಕ್ಟರಿನ ಕೆಳಗೆ ಜಾರಿದರೆ ಮುಚ್ಚಲು ಬರುವುದಿಲ್ಲ. ನಳಿಗೆ ಮೇಲಕ್ಕೆ ಮಾಡಿ ಒಂದೇ ಏಟಿಗೆ ತೆರೆದರೆ ಚಿಪ್ಪುಗಳು ತಾವಾಗಿ ಉದುರುತ್ತವೆ. ವಾರಕ್ಕೊಮ್ಮೆಯೂ ಅಭ್ಯಾಸ ಮಾಡದವರಿಗೆ ನನ್ನ ಮತ ರಿವಾಲ್ವರಿಗೇ. ಹಳೆಯ ಕಾಲದ್ದಾದರೆ ಹ್ಯಾಮರಿನ (ತೋಟೆಯ ತಳಕ್ಕೆ ಬಡಿಯುವ ಸುತ್ತಿಗೆ) ಕೆಳಗಿನ ಕೋಣೆ ಖಾಲಿ ಬಿಟ್ಟು ಐದೇ ತುಂಬುವುದು ನನ್ನ ಪದ್ಧತಿ. ಆರನೆಯದು ಇಲ್ಲದ್ದಕ್ಕೆ ನಿದ್ದೆ ಕೆಡುವುದಿಲ್ಲ, ಕೆಳಗೆ ಬಿದ್ದ ಗನ್ ಸಿಡಿದರೆ ಕೆಡುತ್ತದೆ.

700 ಗ್ರಾಂ ಬೇಕೋ 500 ಸಾಕೋ? ದೊಡ್ಡ ಬೋರಿನಲ್ಲಿ ಹಗುರವಾದಷ್ಟೂ ಒದೆತ ಜಾಸ್ತಿ. .32ರ ಒದೆತ ಮೊದಲೇ ಮೆತ್ತಗೆ, ಆದ್ದರಿಂದ ಇನ್ನೂರು ಗ್ರಾಂ ಇಳಿದರೂ ಕೈಗೆ ದೊಡ್ಡ ನಷ್ಟವಿಲ್ಲ. ಆದರೆ ಹಣ ಗನ್ನಿಗೆ ಸುರಿಯುವ ಮೊದಲು ಬೆಲ್ಟು ಬದಲಿಸಿ ನೋಡಿ. 38 ಮಿ.ಮೀ. ಅಗಲದ, ಎರಡು ಪದರ ಹೊಲಿದ ಚರ್ಮದ ಬೆಲ್ಟಿನ ಮೇಲೆ 700 ಗ್ರಾಂ ಸಂಜೆಯವರೆಗೂ ಕದಲಲಿಲ್ಲ. ಆಫೀಸಿಗೆ ಹಾಕುವ ತೆಳು ಬೆಲ್ಟಿನ ಮೇಲೆ 500 ಗ್ರಾಮಿನ ಅಚ್ಚೂ ಮಧ್ಯಾಹ್ನಕ್ಕೆ ಜೋತುಬಿತ್ತು. ಪ್ಯಾಂಟಿನೊಳಗೆ ಸಿಕ್ಕಿಸುವುದಾದರೆ ಸೊಂಟದ ಅಳತೆಗೆ ಒಂದೂವರೆ ಇಂಚು ಸೇರಿಸಿ ಹೊಲಿಸಿ. ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಲೇಬೇಕು, ಹಿಡಿ ತುಸು ಮುಂದಕ್ಕೆ ವಾಲುವಂತಿರಲಿ. ಆ ಹಾಳು ಮೂಲೆ ಆಗ ಪಕ್ಕೆಯ ಕಡೆಗೆ ತಿರುಗುತ್ತದೆ.

ಮುಂಬಯಿಯ ಬೆವರು ಗನ್ನಿಗೆ ಉಪ್ಪುನೀರು. ಸಣ್ಣ ಗನ್ ಅಂದರೆ ಮೈಗೆ ಇನ್ನೂ ಹತ್ತಿರ, ಅಷ್ಟೇ ಹೆಚ್ಚು ಬೆವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ರಾತ್ರಿ ಒರೆಸದೆ ಬಿಟ್ಟರೂ ಬೆಳಿಗ್ಗೆ ಹ್ಯಾಮರಿನ ಬುಡದಲ್ಲಿ, ಸ್ಕ್ರೂ ತಲೆಗಳಲ್ಲಿ ಕಂದು ಚುಕ್ಕೆ ಕಾಣುತ್ತದೆ. ಟೈಟಾನಿಯಂನದ್ದು ತಡೆದುಕೊಳ್ಳುತ್ತದೆ, ಆದರೆ ಅದರ ಎಲ್ಲ ಭಾಗವೂ ಟೈಟಾನಿಯಂ ಅಲ್ಲ. ಮೈಗೂ ಗನ್ನಿಗೂ ನಡುವೆ ಹೋಲ್‌ಸ್ಟರಿನ ಚರ್ಮ ಹಿಡಿಯ ಮೇಲ್ಭಾಗದವರೆಗೆ ಏರಿರಬೇಕು, ಒಳಗೆ ಬನಿಯನ್ ಇರಲೇಬೇಕು. ರಾತ್ರಿ ಖಾಲಿ ಮಾಡಿ ಒಣ ಬಟ್ಟೆಯಲ್ಲಿ ಒರೆಸಿ ಎಣ್ಣೆಯ ತೆಳು ಪಸೆ ಸಾಕು. ತೊಟ್ಟಿಕ್ಕುವಷ್ಟು ಎಣ್ಣೆ ಹಾಕಿದರೆ ಅದು ತೋಟೆಯ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿಗೆ ಇಳಿದು ಗುಂಡು ಸುಮ್ಮನಾಗುತ್ತದೆ. ಹೋಲ್‌ಸ್ಟರಿನಲ್ಲೇ ಇಟ್ಟು ಬೀರುವಿಗೆ ಹಾಕುವವರಿದ್ದಾರೆ. ಚರ್ಮ ಹೀರಿದ ತೇವ ಅಲ್ಲೇ ಕೂತು ಉಕ್ಕಿಗೆ ತುಕ್ಕು, ಹಿತ್ತಾಳೆಯ ಚಿಪ್ಪಿಗೆ ಹಸಿರು ಕಿಲುಬು. ಮೈಮೇಲೆ ತಿರುಗಿದ ತೋಟೆಗಳನ್ನು ಮಳೆಗಾಲ ಮುಗಿದ ಮೇಲೆ ರೇಂಜಿನಲ್ಲಿ ಖರ್ಚು ಮಾಡಿ ಹೊಸದು ತುಂಬುತ್ತೇನೆ. ಪುಣೆಯ ಪಕ್ಕದ ಖಡಕಿ ಕಾರ್ಖಾನೆಯ ತೋಟೆಯ ತಳದಲ್ಲಿ 'ಕೆಎಫ್' ಅಂತ ಒತ್ತಿರುತ್ತದೆ. 'ಕಿರ್ಕೀ' ಅನ್ನುತ್ತಿದ್ದ ಕಾಲದ ಗುರುತು ಅದು.

ಸೈಜು ಗಟ್ಟಿಯಾಗುವುದು ರೇಂಜಿನಲ್ಲಿ. ಏಳು ಮೀಟರಿನಲ್ಲಿ ಊಟದ ತಟ್ಟೆಯಷ್ಟು ಕಾಗದ ಇಟ್ಟು ಡಬಲ್ ಆಕ್ಷನ್‌ನಲ್ಲೇ ಐದು ಹೊಡೆಯಿರಿ, ಹ್ಯಾಮರ್ ಹಿಂದಕ್ಕೆ ಎಳೆಯದೆ. ಟ್ರಿಗರ್ ಬಿಗಿ ಇರುವುದರಿಂದ ಬಲಗೈಯವರ ಗುಂಡು ಎಡಕ್ಕೆ, ಕೆಳಕ್ಕೆ ಎಳೆಯುತ್ತದೆ. ಐದರಲ್ಲಿ ನಾಲ್ಕು ತಟ್ಟೆಯೊಳಗೆ ಬೀಳದಿದ್ದರೆ ಹಿಡಿ ನಿಮ್ಮ ಕೈಗೆ ಸಣ್ಣದು, ಇಲ್ಲವೇ ಅಭ್ಯಾಸ ಸಾಲದು. ಯಾವುದು ಅಂತ ತಿಳಿಯಲು ಡಮ್ಮಿ ತೋಟೆ ಹಾಕಿ ಎರಡು ವಾರ ಮನೆಯಲ್ಲಿ ಟ್ರಿಗರ್ ಎಳೆದು ಮತ್ತೆ ಹೋಗಿ. ಆಗಲೂ ಹಾಗೇ ಇದ್ದರೆ ಹಿಡಿಯದ್ದೇ ತಪ್ಪು.

ಗೋವಾಕ್ಕೆ ಒಯ್ಯುವವರು ಪರವಾನಗಿಯ ವ್ಯಾಪ್ತಿಯ ಅಂಕಣ ಓದಿಕೊಳ್ಳಿ. ಮಹಾರಾಷ್ಟ್ರಕ್ಕೆ ಮಾತ್ರ ಅಂತಿದ್ದರೆ ಗೋವಾ ಗಡಿಯ ಬಾಂದಾ ದಾಟುವ ಹಾಗಿಲ್ಲ. ಅಲ್ಲಿನ ತೆಳು ಲಿನನ್ ಅಂಗಿ, ಚಡ್ಡಿಗೆ ಯಾವ ಸೈಜೂ ಅಡಗುವುದಿಲ್ಲ, ಗ್ಲಾಸು ಎತ್ತುವ ಸಂಜೆಗಳಲ್ಲಿ ಅದು ಮೈಮೇಲೆ ಇರಲೂ ಬಾರದು.

ಕೊನೆಗೆ ನನ್ನ ಮೈಮೇಲೆ ಉಳಿದದ್ದು 76 ಮಿ.ಮೀ. ನಳಿಗೆಯ ರಿವಾಲ್ವರ್, ಮೂರೂವರೆ ಗಂಟೆಯ ಜಾಗದಲ್ಲಿ. ಬದಲಾದದ್ದು ಅಂಗಿ. ಬಿಳಿ ಪಾಪ್ಲಿನ್ ಬಿಟ್ಟು ಸಣ್ಣ ಚೌಕಳಿಯ, ತುಸು ದಪ್ಪ ಹತ್ತಿಗೆ ಬಂದೆ. ಬಿಳಿಯಲ್ಲಿ ಬಿದ್ದ ನೆರಳು ಎದ್ದು ಕಾಣುತ್ತದೆ, ಚೌಕಳಿಯಲ್ಲಿ ಗೆರೆಗಳ ನಡುವೆ ಕಳೆದುಹೋಗುತ್ತದೆ. ದರ್ಜಿಗೆ ಹೇಳುವುದು ಮೂರೇ ಮಾತು: ಬೆಲ್ಟಿನಿಂದ ಕೆಳಗೆ ಆರು ಇಂಚು ಇಳಿಯಲಿ, ಅಂಚು ನೇರ ಇರಲಿ, ಪಕ್ಕದ ಸೀಳು ಬೇಡ.