ಚೀಸ್-ವೈನ್ ಅಂಗಡಿಯಲ್ಲಿ ಹದ ಕೇಳಿ ಕೊಳ್ಳುವುದು ಹೇಗೆ

ಪಪ್ಪಾಯಿ ಮಾರುವವರು ಮೊದಲು ಕೇಳುವುದು "ಇವತ್ತಿಗೆ ಬೇಕಾ, ನಾಳಿದ್ದಿಗಾ?" ಎಂದು. ಅಮೆರಿಕದಲ್ಲಿ ವೈನ್, ಚೀಸ್ ಎರಡನ್ನೂ ಮಾರುವ ಅಂಗಡಿಗೆ ಹೋದಾಗ ನೀವೂ ಆ ಮಾತಿನಿಂದಲೇ ಶುರು ಮಾಡಿ. ಬ್ರೀ ಜಾತಿಯ ಮೆತ್ತನೆಯ ಚೀಸ್ ದಿನ ಕಳೆದಂತೆ ಹೊರಗಿನಿಂದ ಒಳಕ್ಕೆ ಮಾಗುತ್ತ ಬರುತ್ತದೆ. ಚೀಟಿಯ ಮೇಲಿನ ಹೆಸರು ಅದರ ಇವತ್ತಿನ ಹದವನ್ನು ಹೇಳುವುದಿಲ್ಲ. ದಿನವೂ ಅದನ್ನು ಕುಯ್ದು ಕಟ್ಟುವವರಿಗೆ ಮಾತ್ರ ಅದು ಗೊತ್ತು.

ಕೌಂಟರಿನಲ್ಲಿ ನಾಲ್ಕು ವಿಷಯ ಹೇಳಿದರೆ ಸಾಕು: ಯಾವತ್ತು ತಿನ್ನುತ್ತೀರಿ, ಎಷ್ಟು ಜನ, ಜೊತೆಗೆ ಇನ್ನೇನು ಊಟ, ಎಷ್ಟು ಖರ್ಚು ಮಾಡಬಲ್ಲಿರಿ. ದುಡ್ಡಿನ ಮಾತಿಗೆ ಸಂಕೋಚ ಬೇಡ. ಫಲಕದ ಮೇಲಿನ ಬೆಲೆ ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ. 32 ಡಾಲರ್ ಎಂದು ಬರೆದಿದ್ದರೆ ಕಾಲು ಪೌಂಡಿಗೆ 8 ಡಾಲರ್. ಇದನ್ನು ಗಮನಿಸದೆ "ಇಷ್ಟು ದೊಡ್ಡ ತುಂಡು" ಎಂದು ಬೆರಳಲ್ಲಿ ತೋರಿಸಿ, ಬಿಲ್ ನೋಡಿ ಗಾಬರಿಯಾಗುವವರು ಬಹಳ. ಕಾಲು ಪೌಂಡ್ ಕೇಳಿ. ಅದಕ್ಕಿಂತ ಕಡಿಮೆ ಕುಯ್ದರೆ ತುಂಡು ಬೇಗ ಒಣಗುತ್ತದೆ.

ಊಟದ ನಂತರ ಸ್ವಲ್ಪ ಸವಿಯುವುದಕ್ಕಾದರೆ ಮೂರು ಬಗೆ, ತಲೆಗೆ ಒಟ್ಟು 90 ಗ್ರಾಂ. ಆರು ಜನಕ್ಕೆ ಒಂದೂಕಾಲು ಪೌಂಡ್ ಸಾಕು. ಚೀಸೇ ರಾತ್ರಿಯೂಟವಾದರೆ ಅದರ ಎರಡರಷ್ಟು. 750 ಮಿಲೀ ಬಾಟಲಿಯಲ್ಲಿ 150 ಮಿಲೀಯ ಐದು ಲೋಟ ವೈನ್ ಬರುತ್ತದೆ ಎಂದು ಲೆಕ್ಕ ಹಾಕಿ.

ರುಚಿ ನೋಡದೆ ಕೊಳ್ಳಬೇಡಿ. ಕುಯ್ದು ಕೊಡುವ ಕೌಂಟರಿನಲ್ಲಿ ಚೂರು ಕೇಳುವುದು ಅಲ್ಲಿನ ವಾಡಿಕೆ, ಯಾರೂ ತಪ್ಪು ತಿಳಿಯುವುದಿಲ್ಲ. ಸಪ್ಪೆಯಿಂದ ಗಾಢ ರುಚಿಯ ಕಡೆಗೆ ಹೋಗಿ: ಎಳೆಯ ಮೇಕೆ ಹಾಲಿನದು, ಬ್ರೀ, ಗಟ್ಟಿ ಚೀಸ್, ಕೊನೆಗೆ ನೀಲಿ ಬೂಷ್ಟಿನದು. ನೀಲಿಯನ್ನು ಮೊದಲು ತಿಂದರೆ ಮುಂದಿನ ಮೂರೂ ನಾಲಗೆಗೆ ಹತ್ತುವುದಿಲ್ಲ.

ಕುಯ್ದ ಮುಖವನ್ನು ನೋಡಿ. ಬ್ರೀಯ ನಟ್ಟನಡುವೆ ಸುಣ್ಣದಂಥ ಬಿಳಿ ಗೆರೆ ಇದ್ದರೆ ಇನ್ನೂ ಪೂರ್ತಿ ಮಾಗಿಲ್ಲ. ಕುಯ್ದ ಮೇಲೆ ಅದು ಸರಿಯಾಗಿ ಮಾಗುವುದೂ ಇಲ್ಲ, ಆದ್ದರಿಂದ ಮುಂದಿನ ವಾರಕ್ಕೆ ಬೇಕಿದ್ದರೆ ಕುಯ್ಯದ ಪುಟ್ಟ ಇಡೀ ಚಕ್ರವನ್ನೇ ಕೊಳ್ಳಿ. ಅಮೋನಿಯಾದ ಘಾಟು ತೆಳುವಾಗಿದ್ದರೆ ಗಾಳಿಗೆ ಬಿಟ್ಟಾಗ ಹೋಗುತ್ತದೆ. ಕಣ್ಣು ಮೂಗು ಉರಿಸುವಷ್ಟಿದ್ದರೆ ಹದ ಮೀರಿದೆ. ಗಟ್ಟಿ ಚೀಸಿನ ಅಂಚು ಕಪ್ಪಿಟ್ಟು ಬಿರುಕು ಬಿಟ್ಟಿದ್ದರೆ ಹೊಸದಾಗಿ ಕುಯ್ದು ಕೊಡಲು ಕೇಳಿ. ಹಳೆಯ ಗೌಡಾ, ಪಾರ್ಮಿಜಾನೊ ಎಂಬ ಗಟ್ಟಿ ಚೀಸ್‌ಗಳಲ್ಲಿ ಹಲ್ಲಿಗೆ ಕರಕರ ಸಿಗುವ ಬಿಳಿ ಹರಳು ಮಾತ್ರ ದೋಷವಲ್ಲ. ಮಾಗುವಾಗ ಪ್ರೊಟೀನ್ ಒಡೆದು ಹುಟ್ಟುವ ಟೈರೊಸಿನ್ ಅದು.

ಸಸ್ಯಾಹಾರಿಗಳಿಗೆ

ಹಾಲನ್ನು ಗಡ್ಡೆ ಕಟ್ಟಿಸಲು ಹಾಕುವ ರೆನೆಟ್ ಸಾಂಪ್ರದಾಯಿಕವಾಗಿ ಎಳೆಗರುವಿನ ಜಠರದಿಂದ ತೆಗೆದದ್ದು. ಪಾರ್ಮಿಜಾನೊ-ರೆಜ್ಜಾನೊಗೆ ಅದನ್ನೇ ಬಳಸಬೇಕೆಂಬ ಕಟ್ಟಳೆಯಿದೆ. ಗ್ರುಯೇರ್, ಕೋಂತೆ, ರಾಕ್‌ಫರ್ಟ್‌ಗಳಲ್ಲೂ ಪ್ರಾಣಿ ರೆನೆಟ್ಟೇ. ಅಂದರೆ ಹೆಸರುವಾಸಿಯಾದಷ್ಟೂ ಎಚ್ಚರ ಹೆಚ್ಚು ಬೇಕು. ಅಮೆರಿಕದ ಲೇಬಲ್‌ಗಳಲ್ಲಿ ಬರೀ "ಎನ್‌ಜೈಮ್ಸ್" ಎಂದು ಬರೆದರೂ ನಡೆಯುತ್ತದೆ, ಅದರಿಂದ ಏನೂ ತಿಳಿಯದು. "ವೆಜಿಟೇರಿಯನ್ ರೆನೆಟ್ಟಾ?" ಎಂದು ಬಾಯಿಬಿಟ್ಟು ಕೇಳಿ. ಉತ್ತರ ಅನುಮಾನವಾಗಿದ್ದರೆ ಇಡೀ ಚಕ್ರದ ಲೇಬಲ್ ತೋರಿಸಲು ಹೇಳಿ.

ಸಮಾಧಾನದ ಸಂಗತಿಯೆಂದರೆ ಅಮೆರಿಕದಲ್ಲೇ ತಯಾರಾಗುವ ಚೀಸಿನ ಬಹುಪಾಲು ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವದಿಂದ ಆಗುತ್ತದೆ. ರೆನೆಟ್ಟಿನ ಮುಖ್ಯ ಕಿಣ್ವ ಕೈಮೊಸಿನ್; ಹುದುಗಿಸಿ ಪಡೆಯುವ ಕೈಮೊಸಿನ್‌ಗೆ ಅಲ್ಲಿ 1990ರಲ್ಲೇ ಒಪ್ಪಿಗೆ ಸಿಕ್ಕಿತು. ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಫಾಗ್ ಎಂಬ ಮೇಕೆ ಚೀಸ್ ಈ ಸಾಲಿನದು. ಪೋರ್ಚುಗಲ್ಲಿನ ಅಜೈತಾಂವ್, ಸೆರಾ ದ ಎಸ್ಟ್ರೆಲಾಗಳನ್ನು ಮುಳ್ಳುಗಿಡವೊಂದರ ಹೂವಿನಿಂದ ಗಡ್ಡೆ ಕಟ್ಟಿಸುತ್ತಾರೆ. ಬಾಯಲ್ಲಿ ಸಣ್ಣ ಕಹಿ ಉಳಿಯುತ್ತದೆ, ಆದರೆ ಅದರ ಹರಿಯುವ ಹದಕ್ಕೆ ಸಾಟಿಯಿಲ್ಲ.

ಕೆಲವು ವೈನ್ ತಿಳಿಗೊಳಿಸಲು ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನ ಅಂಗದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ. ಇದು ಬೇಡವೆನ್ನುವವರು "ವೀಗನ್" ಎಂದಿರುವ ಬಾಟಲಿ ಕೇಳಿ.

ವೈನ್ ವಿಷಯದಲ್ಲಿ ಒಂದು ಗೊಂದಲ

"ಡ್ರೈ ವೈನ್ ಇಷ್ಟವಿಲ್ಲ" ಎನ್ನುವವರಲ್ಲಿ ಅನೇಕರು ಹೇಳಹೊರಟಿದ್ದು ಒಗರು ಇಷ್ಟವಿಲ್ಲ ಎಂದು. ಅಂಗಡಿಯವರಿಗೆ ಡ್ರೈ ಅಂದರೆ ಸಕ್ಕರೆ ಉಳಿಯದ ವೈನ್. ಅಡಿಕೆ ಅಗಿದಾಗ ನಾಲಗೆ ಒಣಗಿ ಹಿಡಿದಂತಾಗುವುದಿದೆಯಲ್ಲ, ಅದು ಟ್ಯಾನಿನ್. ಎರಡೂ ಬೇರೆ ಬೇರೆ. ಈ ತಪ್ಪಿನಿಂದ ಸಿಹಿ ವೈನ್ ಕೈಗೆ ಬಂದು, ಅದೂ ಹಿಡಿಸದೆ ಬಾಟಲಿ ಮೂಲೆ ಸೇರುತ್ತದೆ. "ಟ್ಯಾನಿನ್ ಕಡಿಮೆ ಇರಲಿ" ಎಂದರೆ ಪೀನೊ ನ್ವಾರ್ ಅಥವಾ ಬೋಜಲೆ ಎಂಬ ಕೆಂಪು ವೈನ್ ಕೊಡುತ್ತಾರೆ.

ಚೀಸಿನ ಜೊತೆಗೂ ಇದೇ ಸೂತ್ರ ಕೆಲಸ ಮಾಡುತ್ತದೆ. ಒಗರು ಜಾಸ್ತಿಯಿರುವ ಕ್ಯಾಬರ್ನೆ ಎಂಬ ಕೆಂಪು ವೈನ್ ಜೊತೆ ಬ್ರೀ ತಿಂದರೆ ಬಾಯಿ ಕಹಿ, ಲೋಹದ ರುಚಿ. ಬ್ರೀಗೆ ಹುಳಿ ಮತ್ತು ಗುಳ್ಳೆಗಳಿರುವ ಶಾಂಪೇನ್ ಬಗೆಯದು ಒಪ್ಪುತ್ತದೆ, ಯಾಕೆಂದರೆ ಹುಳಿ ಜಿಡ್ಡನ್ನು ಕತ್ತರಿಸುತ್ತದೆ. ಉಪ್ಪಿಗೆ ಸಿಹಿ ಜೋಡಿ: ನೀಲಿ ಚೀಸ್‌ಗಳಾದ ಸ್ಟಿಲ್ಟನ್‌ಗೆ ಪೋರ್ಟ್, ರಾಕ್‌ಫರ್ಟ್‌ಗೆ ಸೋಟೆರ್ನ್ ಎಂಬ ಸಿಹಿ ವೈನ್. ಮೇಕೆ ಚೀಸ್‌ಗೆ ಫ್ರಾನ್ಸಿನ ಬಿಳಿ ವೈನ್ ಸಾನ್ಸೇರ್. ಶವಿನ್ಯೋಲ್ ಊರಿನ ಮೇಕೆ ಚೀಸೂ ಈ ವೈನೂ ಒಂದೇ ನೆಲದವು. ಹಳೆಯ ಚೆಡ್ಡರ್‌ಗೆ ನಮ್ಮ ಆಯ್ಕೆ ವೈನಲ್ಲ, ಬೂರ್ಬನ್ ವಿಸ್ಕಿ. ಆರೆಗಾನ್‌ನ ರೋಗ್ ರಿವರ್ ಬ್ಲೂ ಸಿಕ್ಕರೆ ಬಿಡಬೇಡಿ. ಪೇರ್ ಹಣ್ಣಿನ ಮದ್ಯದಲ್ಲಿ ನೆನೆಸಿದ ದ್ರಾಕ್ಷಿ ಎಲೆಯಲ್ಲಿ ಸುತ್ತಿ ಮಾಗಿಸುವ ಈ ನೀಲಿ ಚೀಸ್ 2019ರಲ್ಲಿ ವಿಶ್ವ ಚೀಸ್ ಪ್ರಶಸ್ತಿಯಲ್ಲಿ ಮೊದಲ ಸ್ಥಾನ ಪಡೆಯಿತು.

ಮನೆಯಲ್ಲಿ ಬಿಸಿಬೇಳೆ ಬಾತ್ ಅಥವಾ ಖಾರದ ಪಲ್ಯವಿದ್ದರೆ ಅದನ್ನೂ ಹೇಳಿ. ಮದ್ಯಾಂಶ ಮತ್ತು ಟ್ಯಾನಿನ್ ಎರಡೂ ಮೆಣಸಿನ ಉರಿಯನ್ನು ಹೆಚ್ಚಿಸುತ್ತವೆ. ತುಸು ಸಿಹಿಯಿರುವ, ಮದ್ಯಾಂಶ ಕಡಿಮೆಯಿರುವ ರೀಸ್ಲಿಂಗ್ ಆ ಊಟಕ್ಕೆ ತಂಪು.

ಹೋಗುವ ಮುಂಚೆ ಆ ರಾಜ್ಯದ ಕಾನೂನು ತಿಳಿದಿರಲಿ. ನ್ಯೂಯಾರ್ಕಿನಲ್ಲಿ ವೈನ್ ಅಂಗಡಿ ಚೀಸ್ ಮಾರುವಂತಿಲ್ಲ, ದಿನಸಿ ಅಂಗಡಿಯಲ್ಲಿ ಬಿಯರ್ ಸಿಗುತ್ತದೆಯೇ ಹೊರತು ವೈನ್ ಸಿಗದು; ಎರಡು ಅಂಗಡಿ ಹತ್ತಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಂದೇ ಕಡೆ ಎರಡೂ ಸಿಗುತ್ತವೆ. ಮದ್ಯ ಕೊಳ್ಳಲು 21 ತುಂಬಿರಬೇಕು. ಭಾರತದಿಂದ ಬಂದವರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ. ಹಸಿ ಹಾಲಿನ ಚೀಸ್ 60 ದಿನ ಮಾಗಿರಲೇಬೇಕೆಂಬ ನಿಯಮ ದೇಶಕ್ಕೆಲ್ಲ ಒಂದೇ, ಆದ್ದರಿಂದ ಅಷ್ಟು ದಿನ ಕಾಯದೆ ತಿನ್ನುವ, ಫ್ರಾನ್ಸಿನ ನಾರ್ಮಂಡಿಯ ಹಸಿ ಹಾಲಿನ ಮೆತ್ತನೆ ಚೀಸ್ ಕಮಾಂಬೇರ್ ಅಲ್ಲಿ ಹುಡುಕಬೇಡಿ. ಡಿಸೆಂಬರಿನ ಶನಿವಾರ ಸಂಜೆ ಹೋದರೆ ಮಾತಿಗೆ ಪುರುಸೊತ್ತು ಸಿಗದು. ವಾರದ ನಡುವೆ ಬೆಳಿಗ್ಗೆ ಹೋಗಿ.

ಮನೆಗೆ ತಂದ ಚೀಸನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಬೇಡಿ. ಬೆವರಿ, ಪ್ಲಾಸ್ಟಿಕ್ಕಿನ ವಾಸನೆ ಹಿಡಿಯುತ್ತದೆ. ಅಂಗಡಿಯ ಮೇಣದ ಕಾಗದದಲ್ಲೇ ಸುತ್ತಿ ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿಡಿ. ತಿನ್ನುವ ಒಂದು ಗಂಟೆ ಮುಂಚೆ ಹೊರಗೆ ತೆಗೆಯಿರಿ. ತಣ್ಣಗಿದ್ದರೆ ಅರ್ಧ ಪರಿಮಳ ಹೊರಗೇ ಬಾರದು. ತ್ರಿಕೋನದ ತುಂಡಿನ ಮೂತಿಯನ್ನು ಕತ್ತರಿಸಿ ತೆಗೆದುಕೊಳ್ಳಬೇಡಿ, ಮೂತಿಯಿಂದ ಸಿಪ್ಪೆಯವರೆಗೆ ಉದ್ದಕ್ಕೆ ಕುಯ್ದರೆ ಎಲ್ಲರಿಗೂ ನಡುಭಾಗ ಸಿಗುತ್ತದೆ. ಗಟ್ಟಿ ಚೀಸಿನ ಮೇಲೆ ಬೂಷ್ಟು ಬಂದರೆ ಸುತ್ತ ಎರಡೂವರೆ ಸೆಂಟಿಮೀಟರ್ ಕುಯ್ದು ಉಳಿದದ್ದನ್ನು ಬಳಸಬಹುದು. ಮೆತ್ತನೆಯದರಲ್ಲಿ ಇರಬಾರದ ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ.

ವೈನ್ ತೆರೆದಾಗ ನೆಂದ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ನಿಮ್ಮ ನಾಲಗೆಯ ತಪ್ಪಲ್ಲ. ಸಿಂಕಿಗೆ ಸುರಿಯಬೇಡಿ. ಕಾರ್ಕ್ ಮತ್ತೆ ಹಾಕಿ ಬಿಲ್ ಸಮೇತ ವಾಪಸ್ ಒಯ್ಯಿರಿ. ಒಳ್ಳೆಯ ಅಂಗಡಿಗಳು ಮೂಸಿ ನೋಡಿ ಬದಲಾಯಿಸಿ ಕೊಡುತ್ತವೆ. ಖಾಲಿ ಬಾಟಲಿ ಹಿಡಿದು ಹೋದರೆ ಅವರು ಮೂಸುವುದಾದರೂ ಏನನ್ನು?