ತೋಳದ ಹಾವೋ ಕಟ್ಟುಹಾವೋ? ವೇಷಧಾರಿ ಹಾವುಗಳನ್ನು ದೂರದಿಂದ ನೋಡುವ ಬಗೆ

ವಿಷವಿಲ್ಲದ ತೋಳದ ಹಾವು ನೋಡಲು ವಿಷದ ಕಟ್ಟುಹಾವಿನ ಹಾಗಿರುತ್ತದೆ ಎಂಬುದು ಹಾವು ನೋಡುವವರಿಗೆಲ್ಲ ಗೊತ್ತು. ಅದನ್ನೇ ತಿರುಗಿಸಿ ಹೇಳಿಕೊಳ್ಳುವುದನ್ನು ಮಾತ್ರ ಮರೆಯುತ್ತೇವೆ: ಕಟ್ಟುಹಾವೂ ತೋಳದ ಹಾವಿನ ಹಾಗೇ ಇರುತ್ತದೆ. ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಉರಗತಜ್ಞ ಜೋ ಸ್ಲೋವಿನ್ಸ್ಕಿ 2001ರ ಸೆಪ್ಟೆಂಬರ್ 11ರಂದು ಉತ್ತರ ಮ್ಯಾನ್ಮಾರಿನಲ್ಲಿ ಹಾವಿನ ಚೀಲಕ್ಕೆ ಕೈ ಹಾಕಿದರು. ಒಳಗಿರುವುದು ವಿಷವಿಲ್ಲದ ವೇಷಧಾರಿ ಎಂದುಕೊಂಡಿದ್ದರು. ಕಚ್ಚಿದ್ದು ಕಟ್ಟುಹಾವಿನ ಕುಲದ ಪುಟ್ಟ ಹಾವು. ಮರುದಿನ ಅವರು ತೀರಿಕೊಂಡರು.

ಹಾಗಾಗಿ ಈ ಕೆಲಸದಲ್ಲಿ ಒಂದೇ ಕಟ್ಟುನಿಟ್ಟು. ಹಾವಿನ ಎದುರು ನಿಂತಿರುವಷ್ಟು ಹೊತ್ತು ಅದು ವಿಷದ ಹಾವೇ. ಹೆಸರು ಹಚ್ಚುವುದೇನಿದ್ದರೂ ಮನೆಗೆ ಬಂದು ಫೋಟೋ ದೊಡ್ಡದು ಮಾಡಿಕೊಂಡು ಕೂತಾಗ.

ದೂರ ಎಷ್ಟಿರಬೇಕು? ಹಾವಿನ ಉದ್ದದ ಎರಡರಷ್ಟು, ಹಾವು ಗಿಡ್ಡದಿದ್ದರೂ 2 ಮೀಟರಿಗಿಂತ ಕಡಿಮೆ ಬೇಡ. ಈ ದೂರದಿಂದ ಹುರುಪೆ ಕಾಣಬೇಕೆಂದರೆ ಹತ್ತಿರದ ವಸ್ತುವಿಗೂ ಫೋಕಸ್ ಆಗುವ 8x32 ಅಥವಾ 8x42 ಬೈನಾಕ್ಯುಲರ್ ಬೇಕು. ಕೊಳ್ಳುವಾಗ ಅತಿ ಸಮೀಪದ ಫೋಕಸ್ ದೂರ 2 ಮೀಟರಿನ ಆಸುಪಾಸಿನಲ್ಲಿದೆಯೇ ಎಂದು ನೋಡಿಕೊಳ್ಳಿ. 4-5 ಮೀಟರಿನದಾದರೆ ಹಕ್ಕಿಗೆ ಸರಿ, ಹಾವಿಗೆ ಸಾಲದು. ಕ್ಯಾಮೆರಾಕ್ಕೆ 300 ಮಿ.ಮೀ. ಲೆನ್ಸ್ ಹದವಾಗಿ ಒಗ್ಗುತ್ತದೆ. ಮ್ಯಾಕ್ರೋ ಲೆನ್ಸ್ ತಂದವರು ಗೊತ್ತಿಲ್ಲದೆಯೇ ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತಾರೆ, ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹಾವು ಹಿಡಿಯುವ ಕೋಲು, ಇಕ್ಕಳ ಕೂಡ ಬೇಡ. ಕೈಯಲ್ಲಿದ್ದರೆ ಬಳಸುವ ಆಸೆಯಾಗುತ್ತದೆ. ಪರವಾನಗಿ ಇಲ್ಲದೆ ಹಲವು ಜಾತಿಯ ಹಾವು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

ಮೊಣಕಾಲಿನವರೆಗಿನ ಗಮ್‌ಬೂಟು, ದಪ್ಪ ಪ್ಯಾಂಟು, ತಲೆಗೆ ಕಟ್ಟುವ ಟಾರ್ಚು, ಕೈಯಲ್ಲಿ ಇನ್ನೊಂದು ಟಾರ್ಚು. ಜೊತೆಗೊಬ್ಬರು ಇರಲೇಬೇಕು. ಬಿದ್ದ ಮರ ಅಡ್ಡ ಬಂದರೆ ಒಮ್ಮೆಲೇ ದಾಟಬೇಡಿ, ಮೊದಲು ಅದರ ಮೇಲೆ ಹತ್ತಿ ನಿಂತು ಆಚೆ ಬದಿಗೆ ಬೆಳಕು ಬಿಟ್ಟು ನೋಡಿ, ಆಮೇಲೆ ಇಳಿಯಿರಿ. ಕಟ್ಟುಹಾವು, ತೋಳದ ಹಾವು ಎರಡೂ ರಾತ್ರಿಯವು. ಕತ್ತಲಾದ ಮೇಲಿನ ಎರಡು ಮೂರು ಗಂಟೆ, ಅದರಲ್ಲೂ ಮಳೆ ಬಿದ್ದು ನಿಂತ ರಾತ್ರಿ, ಒಳ್ಳೆಯ ಹೊತ್ತು. ಕಟ್ಟುಹಾವು ಬೇರೆ ಹಾವುಗಳನ್ನೇ ಹೆಚ್ಚಾಗಿ ತಿನ್ನುತ್ತದೆ. ಹಲ್ಲಿ ಹುಡುಕಿಕೊಂಡು ಗೋಡೆ ಹತ್ತುವ ತೋಳದ ಹಾವು ಕಂಡ ಜಾಗದಲ್ಲಿ ಅದನ್ನು ತಿನ್ನುವುದೂ ಸುತ್ತಾಡುತ್ತಿರಬಹುದು ಎಂಬುದು ತಲೆಯಲ್ಲಿರಲಿ.

ಹಾವು ಕಂಡ ಕೂಡಲೇ ನಿಂತುಬಿಡಿ. ಬೆಳಕನ್ನು ತಲೆಯ ಮೇಲೆ ನೇರ ಬಿಡದೆ ಪಕ್ಕದ ನೆಲಕ್ಕೆ ಬಿಡಿ. ಮೊದಲ ಫೋಟೋ ಇಡೀ ದೇಹದ್ದು, ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಆಮೇಲೆ ಕತ್ತಿನ ಹಿಂದಿನ ಭಾಗ, ನಡುಬೆನ್ನು, ಬಾಲ, ತಲೆ ಕೊನೆಗೆ. ಎಲ್ಲರೂ ಮೊದಲು ತಲೆಗೇ ಗುರಿಯಿಡುತ್ತಾರೆ, ಅಷ್ಟರಲ್ಲಿ ಹಾವು ಪೊದೆ ಸೇರಿರುತ್ತದೆ, ಗುರುತಿಗೆ ಬೇಕಾದ ಬೆನ್ನು ಸಿಕ್ಕೇ ಇರುವುದಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಅದು ಯಾವ ಕಡೆ ಹೊರಟಿದೆಯೋ ಆ ಕಡೆಗೆ ಯಾರೂ ಅಡ್ಡ ನಿಲ್ಲಬಾರದು.

ಈಗ ಫೋಟೋದಲ್ಲಿ ಏನು ನೋಡಬೇಕು ಎಂಬುದು. ಮೊದಲು ಪಟ್ಟೆ. ತೋಳದ ಹಾವಿನ ಪಟ್ಟೆ ಕತ್ತಿನ ಹತ್ತಿರ ಎದ್ದು ಕಾಣುತ್ತದೆ, ಬಾಲದ ಕಡೆಗೆ ಹೋಗುತ್ತ ಮಾಸುತ್ತದೆ, ಪಕ್ಕೆಯಲ್ಲಿ ಕವಲೊಡೆದು ಅಗಲವಾಗುತ್ತದೆ. ಬೆಳೆದ ಕಟ್ಟುಹಾವಿನಲ್ಲಿ ಇದು ತಲೆಕೆಳಗು: ಕತ್ತಿನ ಹಿಂದೆ ಪಟ್ಟೆ ಇರುವುದಿಲ್ಲ ಅಥವಾ ಬರೀ ಚುಕ್ಕೆ ಇರುತ್ತದೆ, ಹಿಂದೆ ಹೋದಂತೆ ತೆಳು ಬಿಳಿ ಗೆರೆಗಳು ಜೋಡಿ ಜೋಡಿಯಾಗಿ ಸ್ಪಷ್ಟವಾಗುತ್ತವೆ. ಇಷ್ಟನ್ನೇ ಬಾಯಿಪಾಠ ಮಾಡಿಕೊಂಡವರು ಎಡವುವುದು ಮರಿಗಳಲ್ಲಿ. ಕಟ್ಟುಹಾವಿನ ಮರಿಗೆ ಕತ್ತಿನ ಹತ್ತಿರದಿಂದಲೇ ಪಟ್ಟೆ ಇರಬಹುದು, ಕೆಲವು ದೊಡ್ಡ ಹಾವುಗಳಿಗೆ ಪಟ್ಟೆಯೇ ಇಲ್ಲದಿರಬಹುದು. ಪೊರೆ ಬಿಡುವ ಮುಂಚಿನ ಹಾವಂತೂ ಎಲ್ಲ ಬಣ್ಣವೂ ಮಬ್ಬಾಗಿ ಬೂದಿ ಬಳಿದಂತಿರುತ್ತದೆ.

ಪಟ್ಟೆ ಕೈಕೊಟ್ಟಾಗ ನೆಚ್ಚಬಹುದಾದದ್ದು ಬೆನ್ನೆಲುಬಿನ ಸಾಲು. ಕಟ್ಟುಹಾವಿನ ನಡುಬೆನ್ನಿನ ಮೇಲೆ ಒಂದೇ ಸಾಲಿನಲ್ಲಿ ಆರು ಮೂಲೆಯ ಹುರುಪೆಗಳು, ಅಕ್ಕಪಕ್ಕದವುಗಳಿಗಿಂತ ಎದ್ದು ಕಾಣುವಷ್ಟು ದೊಡ್ಡವು, ಕತ್ತಿನಿಂದ ಬಾಲದವರೆಗೆ ಪೋಣಿಸಿದ ಹಾಗೆ ಹೋಗಿರುತ್ತವೆ. ತೋಳದ ಹಾವಿನಲ್ಲಿ ಬೆನ್ನಿನ ಸಾಲಿಗೂ ಪಕ್ಕದ ಸಾಲಿಗೂ ವ್ಯತ್ಯಾಸ ಕಾಣುವುದಿಲ್ಲ. ಫೋಟೋದಲ್ಲಿ ಇದು ಸಿಗಬೇಕೆಂದರೆ ಫ್ಲ್ಯಾಶ್ ನೇರವಾಗಿ ಬೀಳಬಾರದು. ಕಟ್ಟುಹಾವಿನ ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ನೇರ ಬೆಳಕಿಗೆ ಬೆನ್ನಿನ ಮೇಲೊಂದು ಬಿಳಿ ಗೆರೆ ಎದ್ದು ಆ ಸಾಲನ್ನೇ ನುಂಗಿಬಿಡುತ್ತದೆ. ಜೊತೆಯವರ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿಸಿದರೆ ಒಂದೊಂದು ಹುರುಪೆಯ ಅಂಚೂ ನೆರಳಿನಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ.

ವಿಷವಿಲ್ಲದ ಮಣ್ಣುಮುಕ್ಕ ಮತ್ತು ವಿಷದ ಕೊಳಕುಮಂಡಲದ ಜೋಡಿ ಇನ್ನೊಂದು. ಕೊಳಕುಮಂಡಲದ ಮೈಮೇಲೆ ಮೂರು ಸಾಲು, ಸರಪಳಿಯ ಕೊಂಡಿಯಂತಹ ಅಂಚುಗಟ್ಟಿದ ದುಂಡು ಮಚ್ಚೆ. ಮಣ್ಣುಮುಕ್ಕದ ಮಚ್ಚೆಗಳು ಒಂದಕ್ಕೊಂದು ಅಂಟಿಕೊಂಡು ಅಂಕುಡೊಂಕಾಗಿರುತ್ತವೆ, ಕತ್ತು ಎಲ್ಲಿ ಶುರುವಾಗುತ್ತದೆಂದು ಹೇಳಲಾಗದು, ಬಾಲ ಮೊಟಕು. ಕಣ್ಣಿನ ಪಾಪೆ ನೆಟ್ಟಗಿದ್ದರೆ ವಿಷ, ದುಂಡಗಿದ್ದರೆ ಇಲ್ಲ ಎನ್ನುವ ಮಾತು ಇಲ್ಲಿ ಪೂರ್ತಿ ಸುಳ್ಳಾಗುತ್ತದೆ. ನೆಟ್ಟಗಿನ ಪಾಪೆ ಎರಡಕ್ಕೂ ಇದೆ, ನಾಗರಹಾವಿನ ಪಾಪೆಯಾದರೋ ದುಂಡಗೆ. ತ್ರಿಕೋನ ತಲೆಯ ನಿಯಮವೂ ಅಷ್ಟೇ. ಹೆದರಿದ ಹಲವು ಹಾವುಗಳು ದವಡೆ ಅಗಲಿಸಿ ತಲೆಯನ್ನು ತ್ರಿಕೋನ ಮಾಡಿಕೊಳ್ಳುತ್ತವೆ.

ಹೆಡೆಯ ನಟನೆ ಮಾಡುವವೂ ಇವೆ. ನೀರೊಳ್ಳೆ ತಲೆ ಎತ್ತಿ ಕತ್ತು ಚಪ್ಪಟೆ ಮಾಡಿದರೆ ಕ್ಷಣಕಾಲ ನಾಗರವೇ ಅನ್ನಿಸುತ್ತದೆ. ಕೇರೆಹಾವು ಕತ್ತನ್ನು ಮೇಲೆ ಕೆಳಗೆ ಉಬ್ಬಿಸುತ್ತದೆ, ಎಡಬಲಕ್ಕೆ ಹರಡುವುದಿಲ್ಲ. ಆದರೆ ಹೆಡೆ ಬಿಚ್ಚದ ನಾಗರ ಹುಲ್ಲಿನಲ್ಲಿ ಹರಿದು ಹೋಗುವಾಗ ಕೇರೆಯಂತೆಯೇ ಕಾಣುತ್ತದೆ. ಹೆಡೆ ಕಾಣಲಿಲ್ಲ ಎಂಬುದರಿಂದ ಏನೂ ಸಾಬೀತಾಗದು.

ಸದ್ದನ್ನೇ ನಕಲು ಮಾಡುವುದು ಆಫ್ರಿಕಾದ ಮೊಟ್ಟೆ ತಿನ್ನುವ ಹಾವು. ವಿಷದ ಗರಗಸ ಮಂಡಲದಂತೆ ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಕರಕರ ಸದ್ದು ಹೊರಡಿಸುತ್ತದೆ, ಬಾಯಲ್ಲಿ ಹಲ್ಲೇ ಇಲ್ಲವೆನ್ನಬಹುದು. ಇಂಥ ವೇಷ ಫಲಿಸುವುದು ಅಸಲಿ ಹಾವು ಇರುವ ಸೀಮೆಯಲ್ಲಿ. ಅಮೆರಿಕದಲ್ಲಿ ವಿಷವಿರುವ ಹವಳದ ಹಾವನ್ನು ಹೋಲುವ ಜೇಡಿಮಣ್ಣಿನಂಥ ಮೆತು ಮಾದರಿಗಳನ್ನಿಟ್ಟು ನಡೆಸಿ 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹವಳದ ಹಾವಿದ್ದ ಕಡೆ ಬೇಟೆಗಾರ ಪ್ರಾಣಿಗಳು ಅವನ್ನು ಬಿಟ್ಟು ನಡೆದವು, ಇಲ್ಲದ ಕಡೆ ಬಿಡಲಿಲ್ಲ. ನೋಡುವವರಿಗೆ ಇದರಿಂದ ತಿಳಿಯುವುದಿಷ್ಟು: ವೇಷಧಾರಿ ಸಿಕ್ಕ ಜಾಗದಲ್ಲಿ ಅಸಲಿಯೂ ಇರುವ ಸಾಧ್ಯತೆ ಹೆಚ್ಚು.

ಕಚ್ಚಿದರೆ, ತೋಳದ ಹಾವೇ ಎಂದು ನಿಮಗೆ ಖಾತ್ರಿಯಿದ್ದರೂ ಆಸ್ಪತ್ರೆಗೆ ಹೊರಡಿ. ಕಟ್ಟುಹಾವಿನ ಕಡಿತ ಎಷ್ಟೋ ಸಲ ನೋಯುವುದಿಲ್ಲ, ಊದುವುದಿಲ್ಲ. ಗಂಟೆಗಳ ನಂತರ ರೆಪ್ಪೆ ಜೋತು ಬೀಳುತ್ತದೆ, ಹೊಟ್ಟೆ ನೋವು ಬರುತ್ತದೆ, ಉಸಿರಾಟ ಸೋಲುತ್ತದೆ. ಕಚ್ಚಿದ ಕೈಕಾಲು ಅಲುಗಾಡದಂತೆ ಪಟ್ಟಿ ಆಧಾರ ಕೊಡಿ. ಬಿಗಿಯಾಗಿ ದಾರ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ, ತೆಗೆದ ಫೋಟೋ ಸಾಕು.

ಟಿಪ್ಪಣಿಯಲ್ಲಿ ದಿನಾಂಕ, ಹೊತ್ತು, ಮಳೆ ಬಂದಿತ್ತೇ, ನೆಲ ಎಂಥದ್ದು, ಹಾವು ಏನು ಮಾಡುತ್ತಿತ್ತು ಎಂಬುದೆಲ್ಲ ಅಲ್ಲೇ ಬರೆದುಕೊಳ್ಳಿ. ಉದ್ದವನ್ನು ಕಣ್ಣಂದಾಜಿಗೆ ಬಿಡಬೇಡಿ, ಹೆದರಿದ ಕಣ್ಣಿಗೆ ಎರಡಡಿಯ ಹಾವು ನಾಲ್ಕಡಿ ಕಾಣುತ್ತದೆ. ಫೋಟೋದಲ್ಲಿ ಹಾವಿನ ಪಕ್ಕ ಬಿದ್ದಿರುವ ಎಲೆಯನ್ನೋ ಕಡ್ಡಿಯನ್ನೋ ಗುರುತಿಟ್ಟುಕೊಂಡು, ಹಾವು ಪೂರ್ತಿ ಸರಿದುಹೋಗಿ ಹತ್ತು ನಿಮಿಷವಾದ ಮೇಲೆ ಅದನ್ನು ಅಳೆದರೆ ಸಾಕು, ಉಳಿದದ್ದು ಲೆಕ್ಕ. ಬಯಲಿನಲ್ಲಿ ಬಿದ್ದಿರುವ ಎಲೆಯನ್ನೇ ಆರಿಸಿಕೊಳ್ಳಿ. ಹಾವು ನುಸುಳಿದ ಸಂದಿಯ ಬಾಯಲ್ಲಿರುವುದನ್ನಲ್ಲ.