ಹತ್ತು ಗ್ರಾಂ ಕೀಟೋನಿನಲ್ಲಿ ಬಯೋಕೆಟಲಿಸಿಸ್ ಕಲಿಸುವುದು

ಬಯೋಕೆಟಲಿಸಿಸ್, ಅಂದರೆ ಕಿಣ್ವ ಬಳಸಿ ರಾಸಾಯನಿಕ ತಯಾರಿಸುವ ನಮ್ಮ ವಿಭಾಗಕ್ಕೆ ಸೇರುವವರಲ್ಲಿ ಎರಡು ಬಗೆ. ಬಯೋಕೆಮಿಸ್ಟ್ರಿಯವರಿಗೆ ಕಿಣ್ವದ ಯೂನಿಟ್ ಲೆಕ್ಕ ಬಾಯಿಪಾಠ, ಲೀಟರಿಗೆ ಎಷ್ಟು ಗ್ರಾಂ ಸರಕು ಹಾಕುತ್ತೀರಿ ಎಂದರೆ ತಡವರಿಸುತ್ತಾರೆ. ಆರ್ಗ್ಯಾನಿಕ್‌ನವರಿಗೆ ಅದು ಗೊತ್ತು, ಆದರೆ ರಿಯಾಕ್ಷನ್ ನಿಧಾನವಾದ ಕೂಡಲೇ ಕೈ ಹೀಟರ್ ಕಡೆಗೆ ಹೋಗುತ್ತದೆ. ಇಬ್ಬರಿಗೂ ನಾನು ಕೊಡುವ ಮೊದಲ ಕೆಲಸ ಒಂದೇ: ಅಸಿಟೋಫೀನೋನ್ ಎಂಬ ಕೀಟೋನನ್ನು ಕೀಟೋರಿಡಕ್ಟೇಸ್ ಕಿಣ್ವ ಬಳಸಿ 1-ಫಿನೈಲ್ ಎಥನಾಲ್ ಎಂಬ ಆಲ್ಕೊಹಾಲ್ ಮಾಡುವುದು.

200 ಮಿ.ಲೀ. ಫಾಸ್ಫೇಟ್ ಬಫರ್ (100 ಮಿಲಿಮೋಲಾರ್, ಪಿಎಚ್ 7), 18 ಗ್ರಾಂ ಗ್ಲೂಕೋಸ್, 40 ಮಿ.ಗ್ರಾಂ ಎನ್‌ಎಡಿಪಿ (ಕಿಣ್ವಗಳ ನಡುವೆ ಹೈಡ್ರೋಜನ್ ಹೊರುವ ಸಹಾಯಕ ಅಣು), 200 ಮಿ.ಗ್ರಾಂ ಕೀಟೋರಿಡಕ್ಟೇಸ್ ಪುಡಿ, 100 ಮಿ.ಗ್ರಾಂ ಗ್ಲೂಕೋಸ್ ಡಿಹೈಡ್ರೋಜಿನೇಸ್. ಕೊನೆಗೆ 10 ಗ್ರಾಂ ಅಸಿಟೋಫೀನೋನ್. 30 ಡಿಗ್ರಿ ಸೆಲ್ಸಿಯಸ್. ಕೀಟೋನ್ ಪೂರ್ತಿ ಕರಗದೆ ಹಾಲಿನಂತೆ ಮಸುಕಾಗುತ್ತದೆ. ಕರಗಿದ ಭಾಗ ಖರ್ಚಾದಂತೆ ಉಳಿದದ್ದು ಕರಗುತ್ತಾ ಹೋಗುತ್ತದೆ. ಎನ್‌ಎಡಿಪಿ ಇಷ್ಟು ಕಡಿಮೆ ಸಾಕೇ ಎಂದು ಎಲ್ಲರೂ ಕೇಳುತ್ತಾರೆ. ಸಾಕು. ಡಿಹೈಡ್ರೋಜಿನೇಸ್ ಗ್ಲೂಕೋಸಿನ ಹೈಡ್ರೋಜನ್ ಕೊಟ್ಟು ಅದನ್ನು ಮತ್ತೆಮತ್ತೆ ಎನ್‌ಎಡಿಪಿಎಚ್ ಮಾಡುವುದರಿಂದ ಒಂದೊಂದು ಅಣು ಸುಮಾರು 1600 ಸುತ್ತು ದುಡಿಯುತ್ತದೆ.

ಕಲಿಯಬೇಕಾದ್ದು ಕ್ಷಾರದ ಬ್ಯುರೆಟ್ಟಿನಲ್ಲಿದೆ. ಒಂದು ಮೋಲ್ ಕೀಟೋನ್ ಆಲ್ಕೊಹಾಲ್ ಆದರೆ ಗ್ಲೂಕೋಸಿನಿಂದ ಒಂದು ಮೋಲ್ ಗ್ಲೂಕೋನಿಕ್ ಆಮ್ಲ ಹುಟ್ಟುತ್ತದೆ; ಪಿಎಚ್ 7ರಲ್ಲೇ ನಿಲ್ಲಲು ಬ್ಯುರೆಟ್ಟಿನಿಂದ ಅಷ್ಟೇ ಕ್ಷಾರ ಬಿಡುತ್ತಿರಬೇಕು. 10 ಗ್ರಾಂ ಎಂದರೆ 83 ಮಿಲಿಮೋಲ್, ಅಂದರೆ 2 ಮೋಲಾರ್ ಕಾಸ್ಟಿಕ್ ಸೋಡಾ 41–42 ಮಿ.ಲೀ. ಹಿಡಿಯಬೇಕು. ಜಿಸಿ (ಗ್ಯಾಸ್ ಕ್ರೊಮಾಟೋಗ್ರಫಿ) ರಿಪೋರ್ಟ್ ಬರುವ ಮೊದಲೇ ರಿಯಾಕ್ಷನ್ ಎಲ್ಲಿಗೆ ಬಂದಿದೆ ಎಂದು ಬ್ಯುರೆಟ್ ಹೇಳುತ್ತದೆ. ಹಳೆಯ ಕಾಸ್ಟಿಕ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಅದೇ ದಿನ ಸ್ಟ್ಯಾಂಡರ್ಡೈಸ್ ಮಾಡಿ. ಕ್ಷಾರದ ಕೊಳವೆಯ ತುದಿ ದ್ರಾವಣದೊಳಗೆ, ಸ್ಟಿರರ್ ರೆಕ್ಕೆಯ ಪಕ್ಕದಲ್ಲಿರಲಿ. ಮೇಲಿನಿಂದ ತೊಟ್ಟಿಕ್ಕಿದರೆ ಬಿದ್ದ ಜಾಗದಲ್ಲಿ ಪಿಎಚ್ ಏರಿ ಕಿಣ್ವ ಬಿಳಿ ಎಳೆಯಾಗಿ ಹೆಪ್ಪುಗಟ್ಟುತ್ತದೆ. ನೊರೆ ಏಳುವಷ್ಟು ಜೋರಾಗಿ ಕಲಕುವುದೂ ಕಿಣ್ವಕ್ಕೆ ಒಳ್ಳೆಯದಲ್ಲ.

ಅರ್ಧಕ್ಕೆ ಕ್ಷಾರ ಹೋಗುವುದು ನಿಂತಿತೇ? ತಾಪ ಏರಿಸಬೇಡಿ. 5 ಮಿ.ಲೀ.ಯಂತೆ ಮೂರು ವಯಲ್ ತೆಗೆದು ಪಿಎಚ್ ನೋಡಿಕೊಂಡು, ಒಂದಕ್ಕೆ ಕೀಟೋರಿಡಕ್ಟೇಸ್, ಇನ್ನೊಂದಕ್ಕೆ ಡಿಹೈಡ್ರೋಜಿನೇಸ್, ಮತ್ತೊಂದಕ್ಕೆ ಎನ್‌ಎಡಿಪಿ ಸೇರಿಸಿ. ಯಾವುದು ಮತ್ತೆ ಓಡುತ್ತದೋ ಅದೇ ಸತ್ತಿತ್ತು. ಮೂರೂ ಓಡದಿದ್ದರೆ ತಯಾರಾದ ಆಲ್ಕೊಹಾಲೇ ಕಿಣ್ವವನ್ನು ತಡೆಯುತ್ತಿದೆಯೇ ನೋಡಿ. ಕ್ಷಾರ ಹೋಗುತ್ತಲೇ ಇದ್ದು ಜಿಸಿಯಲ್ಲಿ ಕೀಟೋನ್ ಇಳಿಯದಿದ್ದರೆ, ಶುದ್ಧಮಾಡದ ಪುಡಿಯಲ್ಲಿರುವ ಬೇರೆ ಕಿಣ್ವ ಎನ್‌ಎಡಿಪಿಎಚ್ ಅನ್ನು ಗಾಳಿಯ ಆಮ್ಲಜನಕಕ್ಕೆ ಒಪ್ಪಿಸುತ್ತಿರಬಹುದು. ಗ್ಲೂಕೋಸ್ ಸುಮ್ಮನೆ ಖರ್ಚು.

ಉತ್ಪನ್ನವನ್ನು ದ್ರಾವಕಕ್ಕೆ ಎಳೆದು ಬೇರ್ಪಡಿಸುವಾಗ ಪ್ರೋಟೀನ್ ಎಮಲ್ಷನ್ (ಎರಡು ಪದರ ಬೇರೆಯಾಗದ ಮಿಶ್ರಣ) ಕಟ್ಟುತ್ತದೆ. 60 ಡಿಗ್ರಿಗೆ ಬಿಸಿಮಾಡಿ, ಸೀಲೈಟ್ (ಸೋಸಲು ನೆರವಾಗುವ ಪುಡಿ) ಹಾಕಿ ಸೋಸಿ, ಆಮೇಲೆ ಈಥೈಲ್ ಅಸಿಟೇಟ್ ಹಾಕಿ. ಬಿಸಿಮಾಡಲು ಸರಿಯಾದ ಹೊತ್ತು ಇದೊಂದೇ.

2010ರಲ್ಲಿ ಪ್ರಕಟವಾದ ಸಿಟಾಗ್ಲಿಪ್ಟಿನ್ ಎಂಬ ಮಧುಮೇಹದ ಮದ್ದಿಗಾಗಿ ಟ್ರಾನ್ಸ್‌ಅಮಿನೇಸ್ ಕಿಣ್ವವನ್ನು ತಿದ್ದಿದ ಕೆಲಸವನ್ನು ಸಂದರ್ಶನಕ್ಕೆ ಬಂದವರೆಲ್ಲ ಹೇಳುತ್ತಾರೆ, 27 ಮ್ಯುಟೇಷನ್ ಎಂದೂ ಹೇಳುತ್ತಾರೆ. ಲೀಟರಿಗೆ 200 ಗ್ರಾಂ ಕೀಟೋನ್, 50% ಡಿಎಂಎಸ್‌ಒ ದ್ರಾವಕ ಎಂಬ ಷರತ್ತನ್ನು ನೆನಪಿಟ್ಟವರು ಕಡಿಮೆ. ಆ ಮ್ಯುಟೇಷನ್ನುಗಳ ಪೈಕಿ ಹಲವು ಬೇಕಾದದ್ದೇ ಆ ಷರತ್ತಿಗಾಗಿ. ನನ್ನ ಮಟ್ಟಿಗೆ ಕೆಲಸ ಕೊಡಬೇಕಾದ್ದು ಷರತ್ತನ್ನು ನೆನಪಿಟ್ಟವರಿಗೆ.

ಕೊನೆಗೆ ಒಂದು ಲೆಕ್ಕ ಕೇಳುತ್ತೇನೆ: ಕಸ ಎಷ್ಟು? 10 ಗ್ರಾಂ ಉತ್ಪನ್ನಕ್ಕೆ 18 ಗ್ರಾಂ ಸೋಡಿಯಂ ಗ್ಲೂಕೋನೇಟ್. ಕೊಳೆಯುವ ಉಪ್ಪು ನಿಜ, ಆದರೂ ಇಟಿಪಿಯವರಿಗೆ (ತ್ಯಾಜ್ಯನೀರು ಶುದ್ಧೀಕರಿಸುವವರಿಗೆ) ಅದು ಸಿಒಡಿ, ಅಂದರೆ ಆಮ್ಲಜನಕ ಬೇಡುವ ಹೊರೆ. ಅದಕ್ಕೇ ಕಿಣ್ವ ತಡೆದುಕೊಂಡರೆ ಗ್ಲೂಕೋಸ್ ಬಿಟ್ಟು ಐಸೋಪ್ರೊಪನಾಲ್‌ಗೆ ಬದಲಾಯಿಸಿ. ಎರಡನೇ ಕಿಣ್ವವೂ ಬೇಡ, ಕ್ಷಾರವೂ ಬೇಡ. ಆದರೆ ಹುಟ್ಟುವ ಅಸಿಟೋನ್ ಒಳಗೇ ಉಳಿದರೆ ಸಮತೋಲನ ಹಿಂದಕ್ಕೆ ಎಳೆಯುತ್ತದೆ. ಸಾರಜನಕ ಹರಿಸಿ ಅಥವಾ ಸ್ವಲ್ಪ ವ್ಯಾಕ್ಯೂಮ್ ಕೊಟ್ಟು ತೆಗೆಯುತ್ತಿರಬೇಕು. ಜೊತೆಗೆ ಹಾರಿಹೋಗುವ ಐಸೋಪ್ರೊಪನಾಲನ್ನು ಆಗಾಗ ತುಂಬಿಸಬೇಕು.